ಹಾಲಿನ ಪ್ಯಾಕೆಟ್‌ನ ಹೊಣೆ ಯಾರದ್ದು? ಸರ್ಕಾರ ಮತ್ತು ಡೇರಿಗಳ ಮಾತುಕತೆಯಲ್ಲಿ ಉತ್ಪಾದಕರ ಪಾಲು



ಹೊಸಬಾಳೆಯಲ್ಲೋ, ಆನವಟ್ಟಿ ಕಡೆಯಲ್ಲೋ, ಶಿಕಾರಿಪುರದ ಯಾವುದೋ ಹಳ್ಳಿಯಲ್ಲೋ ನೀವು ಬೆಳಗಿನ ಜಾವ ಕರೆದ ಹಾಲು ಸಂಘದಲ್ಲಿ ಅಳತೆಯಾಗಿ, ಫ್ಯಾಟ್ ಪರೀಕ್ಷೆಯಾಗಿ, ತಂಪಾಗಿ, ಟ್ಯಾಂಕರ್ ಏರಿ ಡೇರಿ ಸೇರುತ್ತದೆ. ಅಲ್ಲಿಂದ ಅರ್ಧ ಲೀಟರ್, ಒಂದು ಲೀಟರ್ ಪ್ಯಾಕೆಟ್ ಆಗಿ ಪೇಟೆಯ ಅಂಗಡಿಗೆ ಬರುತ್ತದೆ. ಹಾಲು ಅವತ್ತೇ ಖರ್ಚಾಗುತ್ತದೆ. ಪ್ಯಾಕೆಟ್ ಮಾತ್ರ ಉಳಿಯುತ್ತದೆ. ಅದು ಗುಜರಿಗೆ ಹೋಗಬಹುದು, ಒಲೆಗೆ ಹೋಗಬಹುದು, ಚರಂಡಿಗೆ ಹೋಗಬಹುದು. ಮೇಯಲು ಬಿಟ್ಟ ದನದ ಹೊಟ್ಟೆಗೂ ಹೋಗಬಹುದು.

ಈ ಉಳಿದ ಪ್ಯಾಕೆಟ್‌ನ ಹೊಣೆ ಯಾರದ್ದು ಎಂಬ ಬಗ್ಗೆ ಹತ್ತಾರು ವರ್ಷಗಳಿಂದ ಸರ್ಕಾರಕ್ಕೂ ಉದ್ಯಮಕ್ಕೂ ಮಾತುಕತೆ ನಡೆಯುತ್ತಿದೆ. "ಅದು ದೊಡ್ಡವರ ವಿಷಯ, ನಮಗೇನು?" ಎಂದು ನಿಮಗೆ ಅನ್ನಿಸಬಹುದು. ಆದರೆ ಹಾಲಿನ ವಿಷಯದಲ್ಲಿ ಉದ್ಯಮ ಎಂದರೆ ಬೇರೆ ಯಾರೋ ಅಲ್ಲ. ಸಂಘ ನಿಮ್ಮದು, ಸಂಘಗಳು ಸೇರಿ ಒಕ್ಕೂಟ, ಒಕ್ಕೂಟಗಳು ಸೇರಿ ಮಹಾಮಂಡಳ. ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ನಿಮ್ಮ ಹಾಲಿನ ದರವೂ ಇದೆ, ಪ್ಯಾಕೆಟ್‌ನ ಖರ್ಚೂ ಇದೆ. ಒಂದು ಹೆಚ್ಚಾದರೆ ಇನ್ನೊಂದರ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಈ ಮಾತುಕತೆಯಲ್ಲಿ ಯಾರು ಏನು ಹೇಳುತ್ತಿದ್ದಾರೆ ಎಂಬುದನ್ನು ಯಾರ ಪರವನ್ನೂ ವಹಿಸದೆ ತಿಳಿದುಕೊಳ್ಳೋಣ.

ಕಾನೂನು ಬಂದ ದಾರಿ

ಪ್ಲಾಸ್ಟಿಕ್ ತ್ಯಾಜ್ಯಕ್ಕೆ ಅದನ್ನು ಮಾರುಕಟ್ಟೆಗೆ ಬಿಟ್ಟವರೂ ಹೊಣೆ ಎಂಬ ತತ್ವ ಕೇಂದ್ರದ 2011ರ ನಿಯಮಗಳಲ್ಲೇ ಬಂದಿತ್ತು. 2016ರ ಮಾರ್ಚ್ 18ರಂದು ಹೊರಬಂದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಬಿಗಿಗೊಳಿಸಿದವು. ಇದನ್ನು "ವಿಸ್ತೃತ ಉತ್ಪಾದಕ ಹೊಣೆಗಾರಿಕೆ" ಎನ್ನುತ್ತಾರೆ. ಕಚೇರಿಗಳಲ್ಲಿ ಚಾಲ್ತಿಯಲ್ಲಿರುವ ಹೆಸರು ಇಪಿಆರ್. ಇಲ್ಲಿ "ಉತ್ಪಾದಕ" ಎಂದರೆ ಹಾಲು ಉತ್ಪಾದಕರಾದ ನೀವಲ್ಲ. ಪ್ಲಾಸ್ಟಿಕ್ ಹೊದಿಕೆ ತಯಾರಿಸುವವರು, ಆಮದು ಮಾಡುವವರು ಮತ್ತು ತಮ್ಮ ಬ್ರಾಂಡ್ ಹೆಸರಿನಲ್ಲಿ ವಸ್ತು ಮಾರುವವರು. ಮಾರಿದಷ್ಟು ಪ್ಲಾಸ್ಟಿಕ್‌ಗೆ ಲೆಕ್ಕ ಕೊಡಬೇಕು, ಅಷ್ಟನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ವ್ಯವಸ್ಥೆ ಮಾಡಬೇಕು ಎಂಬುದು ಇದರ ಸಾರ.

ಅದೇ ತಿಂಗಳು, ಮಾರ್ಚ್ 11ರಂದು, ನಮ್ಮ ರಾಜ್ಯ ಸರ್ಕಾರವೂ ಒಂದು ಅಧಿಸೂಚನೆ ಹೊರಡಿಸಿತು. ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ಬ್ಯಾನರ್, ತಟ್ಟೆ, ಲೋಟ, ಚಮಚ, ಊಟದ ಮೇಜಿನ ಹಾಳೆ ಇವೆಲ್ಲ ನಿಷೇಧವಾದವು. ಆದರೆ ಕಾರ್ಖಾನೆಯಲ್ಲೇ ವಸ್ತುವನ್ನು ತುಂಬಿ ಮುಚ್ಚುವ ಹೊದಿಕೆಗೆ ವಿನಾಯಿತಿ ಸಿಕ್ಕಿತು. ಹಾಲಿನ ಪ್ಯಾಕೆಟ್ ಈ ಬಗೆಯದು. ಅಂದರೆ ನಮ್ಮಲ್ಲಿ ಪ್ಯಾಕೆಟ್‌ಗೆ ನಿಷೇಧ ಬರಲಿಲ್ಲ, ಹೊಣೆ ಬಂತು.

ಆ ಹೊಣೆಗೆ ಅಂಕಿ ಸಂಖ್ಯೆ ಬಂದದ್ದು 2022ರ ಫೆಬ್ರುವರಿ 16ರ ತಿದ್ದುಪಡಿಯಲ್ಲಿ. ಪ್ಲಾಸ್ಟಿಕ್ ಹೊದಿಕೆಗಳನ್ನು ನಾಲ್ಕು ವರ್ಗ ಮಾಡಿದರು. ಡಬ್ಬಿ, ಬಾಟಲಿಯಂಥ ಗಟ್ಟಿ ಪ್ಲಾಸ್ಟಿಕ್ ಒಂದನೇ ವರ್ಗ. ಹಾಲಿನ ಪ್ಯಾಕೆಟ್‌ನಂಥ ಮೆತ್ತನೆಯ ಪ್ಲಾಸ್ಟಿಕ್ ಎರಡನೇ ವರ್ಗ. ಪ್ಲಾಸ್ಟಿಕ್ ಜೊತೆ ಬೇರೆ ವಸ್ತುವಿನ ಪದರ ಸೇರಿದ್ದು ಮೂರನೇ ವರ್ಗ. ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ ನಾಲ್ಕನೆಯದು. ಎರಡನೇ ವರ್ಗದಲ್ಲಿ ಹೊಣೆಯ ಪ್ರಮಾಣದ ಕನಿಷ್ಠ ಶೇ 30ರಷ್ಟು 2024–25ರಲ್ಲಿ ನಿಜವಾಗಿ ಮರುಬಳಕೆ ಆಗಬೇಕು. ಅದು ವರ್ಷಕ್ಕೆ ಶೇ 10ರಂತೆ ಏರಿ 2027–28ಕ್ಕೆ ಶೇ 60 ತಲುಪಬೇಕು ಎಂದು ಗುರಿ ಇಟ್ಟರು.

ಎರಡೂ ಕಡೆಯ ಮಾತು

ಸರ್ಕಾರದ ವಾದ ಸರಳ. ಪ್ಯಾಕೆಟ್ ಮಾರಿ ಲಾಭ ಪಡೆಯುವವರು ಒಬ್ಬರು, ಅದನ್ನು ಗುಡಿಸುವ ಖರ್ಚು ಗ್ರಾಮ ಪಂಚಾಯಿತಿ, ಪುರಸಭೆಗಳದ್ದು ಎಂದರೆ ನ್ಯಾಯವಲ್ಲ. ಮಾರುವವರೇ ಖರ್ಚು ಹೊತ್ತರೆ ಅವರೇ ತೆಳುವಾದ, ಸುಲಭವಾಗಿ ಮರುಬಳಕೆಯಾಗುವ ಹೊದಿಕೆಯನ್ನು ಹುಡುಕುತ್ತಾರೆ. ಕಾನೂನಿನ ಒತ್ತಡ ಇಲ್ಲದಿದ್ದರೆ ಯಾರೂ ಬದಲಾಗುವುದಿಲ್ಲ.

ಡೇರಿಗಳ ವಾದದಲ್ಲೂ ಹುರುಳಿದೆ. ಹಾಲು ಬಿಸ್ಕತ್ತಿನಂತೆ ಕಪಾಟಿನಲ್ಲಿ ಕೂರುವ ವಸ್ತುವಲ್ಲ. ರಾತ್ರಿ ತುಂಬಿ ಬೆಳಗ್ಗೆ ಮನೆ ಮುಟ್ಟಬೇಕು, ಸೋರಬಾರದು, ಕೆಡಬಾರದು, ಬಡವರ ಕೈಗೂ ಎಟುಕಬೇಕು. ನಗರಗಳಲ್ಲಿ ಹಿಂದೆ ಗಾಜಿನ ಬಾಟಲಿ ಇತ್ತು, ನಿಜ. ಆದರೆ ಬಾಟಲಿ ಭಾರ, ಒಡೆಯುತ್ತದೆ, ಪ್ರತಿ ಸಲವೂ ಬಿಸಿನೀರು, ಸೋಡಾ ಹಾಕಿ ತೊಳೆಯಬೇಕು, ಖಾಲಿ ಬಾಟಲಿ ಹೊತ್ತು ಲಾರಿ ವಾಪಸ್ ಬರಬೇಕು. ಅದರ ಡೀಸೆಲ್, ನೀರು, ಕೂಲಿ ಯಾರ ಲೆಕ್ಕಕ್ಕೆ? ಜೊತೆಗೆ, ಹಾಲಿನ ಪ್ಯಾಕೆಟ್ ಪಾಲಿಥಿನ್‌ನದ್ದು. ಚಿಪ್ಸ್ ಪೊಟ್ಟಣದ ಹಾಗೆ ಯಾರೂ ಮುಟ್ಟದ ಕಸವಲ್ಲ. ತೊಳೆದು ಒಣಗಿಸಿದ್ದರೆ ಗುಜರಿಯವರು ಕಾಸು ಕೊಟ್ಟು ಒಯ್ಯುತ್ತಾರೆ.

ಇನ್ನೊಂದು ತೊಡಕೂ ಇದೆ. ಹೊಸ ಹೊದಿಕೆಯಲ್ಲಿ ಒಂದಷ್ಟು ಪಾಲು ಮರುಬಳಕೆಯ ಪ್ಲಾಸ್ಟಿಕ್ ಇರಬೇಕು ಎಂದು 2022ರ ನಿಯಮ ಹೇಳುತ್ತದೆ. ಎರಡನೇ ವರ್ಗಕ್ಕೆ 2025–26ರಿಂದ ಶೇ 10 ಎಂದು ಅದು ಗುರಿ ಇಟ್ಟಿತು. ಆದರೆ ಆಹಾರಕ್ಕೆ ತಾಗುವ ಹೊದಿಕೆಯಲ್ಲಿ ಮರುಬಳಕೆ ಪ್ಲಾಸ್ಟಿಕ್ ಬಳಸಲು ಆಹಾರ ಸುರಕ್ಷತಾ ಕಾನೂನಿನ ಬಿಗಿ ನಿರ್ಬಂಧವಿದೆ. ಹಾಲಿನಂಥ ಸೂಕ್ಷ್ಮ ಪದಾರ್ಥಕ್ಕೆ ಅದು ಬೇಕಾದ್ದೇ. ಒಂದು ಕಾನೂನು ಬಳಸಿ ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ. ಇಂಥ ಸಂದರ್ಭಕ್ಕೆ ನಿಯಮದಲ್ಲೇ ದಾರಿ ಇಟ್ಟಿದ್ದಾರೆ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕರಣ ನೋಡಿ ವಿನಾಯಿತಿ ಕೊಡಬಹುದು, ಆದರೆ ಅಷ್ಟೇ ಪ್ರಮಾಣದ ಪ್ರಮಾಣಪತ್ರವನ್ನು ಹೆಚ್ಚು ಬಳಸಿದ ಬೇರೆಯವರಿಂದ ಕೊಳ್ಳಬೇಕು. ಅಂದರೆ ಇಲ್ಲೂ ಖರ್ಚು ತಪ್ಪಿದ್ದಲ್ಲ.

ಮಹಾರಾಷ್ಟ್ರದ 50 ಪೈಸೆ

ಈ ಎರಡು ವಾದಗಳು ನೇರಾನೇರ ಎದುರಾದದ್ದು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ. 2018ರ ಮಾರ್ಚ್ 23ರಂದು ಅಲ್ಲಿನ ಸರ್ಕಾರ ಪ್ಲಾಸ್ಟಿಕ್ ನಿಷೇಧ ತಂದಾಗ ಹಾಲಿನ ಪ್ಯಾಕೆಟ್ ಅನ್ನು ಪೂರ್ತಿ ನಿಷೇಧಿಸಲಿಲ್ಲ. ಪ್ಯಾಕೆಟ್ 50 ಮೈಕ್ರಾನ್‌ಗಿಂತ ತೆಳುವಾಗಿರಬಾರದು, ಮರುಖರೀದಿ ಬೆಲೆ ಎಂದು ಕನಿಷ್ಠ 50 ಪೈಸೆ ಅದರ ಮೇಲೆ ಮುದ್ರಿಸಬೇಕು, ಖಾಲಿ ಪ್ಯಾಕೆಟ್ ತಂದವರಿಗೆ ಆ ಹಣ ವಾಪಸ್ ಕೊಡಬೇಕು ಎಂದಿತು. ಡೇರಿಗಳು ಒಪ್ಪಲಿಲ್ಲ. ಲಕ್ಷಗಟ್ಟಲೆ ಪ್ಯಾಕೆಟ್‌ಗಳನ್ನು ಎಣಿಸುವವರು ಯಾರು, ಅಂಗಡಿಯಲ್ಲಿ ಇಡಲು ಜಾಗ ಎಲ್ಲಿ, ಉಳಿದ ಹಾಲು ಹುಳಿತು ನಾತ ಬಂದರೆ ಅಂಗಡಿಯವರು ಸಹಿಸುತ್ತಾರೆಯೇ ಎಂಬ ಪ್ರಶ್ನೆಗಳು ಎದ್ದವು. ಮಾತುಕತೆ ಎಳೆದಾಡಿತು.

2019ರ ಜೂನ್‌ನಲ್ಲಿ ಆಗಿನ ಪರಿಸರ ಸಚಿವ ರಾಮದಾಸ್ ಕದಂ ವಿಧಾನಸಭೆಯಲ್ಲಿ ಮತ್ತೆ ಈ ಯೋಜನೆಯನ್ನು ಪ್ರಕಟಿಸಿದರು. ರಾಜ್ಯದಲ್ಲಿ ದಿನಕ್ಕೆ ಒಂದು ಕೋಟಿ ಹಾಲಿನ ಪ್ಯಾಕೆಟ್, ಅದರಿಂದ 31 ಟನ್ ಪ್ಲಾಸ್ಟಿಕ್ ತ್ಯಾಜ್ಯ ಎಂಬ ಲೆಕ್ಕವನ್ನು ಅವರು ಸದನದ ಮುಂದಿಟ್ಟರು.

ಈ ಲೆಕ್ಕವನ್ನು ನೀವೇ ಬಿಡಿಸಿ ನೋಡಿ. 31 ಟನ್‌ ಅನ್ನು ಒಂದು ಕೋಟಿಗೆ ಹಂಚಿದರೆ ಒಂದು ಪ್ಯಾಕೆಟ್ ಸುಮಾರು 3 ಗ್ರಾಂ. ಒಂದು ಕಿಲೋ ಆಗಬೇಕಾದರೆ 320ಕ್ಕೂ ಹೆಚ್ಚು ಪ್ಯಾಕೆಟ್ ಬೇಕು. ದಿನಕ್ಕೆ ಎರಡು ಪ್ಯಾಕೆಟ್ ತರುವ ಪೇಟೆ ಮನೆಯಲ್ಲಿ ಒಂದು ಕಿಲೋ ಕೂಡಲು ಐದು ತಿಂಗಳು ದಾಟುತ್ತದೆ. ಅಲ್ಲಿಯವರೆಗೆ ಯಾರು ಕಾದಾರು? ಅದಕ್ಕೇ ಮನೆಯ ಪ್ಯಾಕೆಟ್ ಕಸದ ಬುಟ್ಟಿಗೆ ಹೋಗುತ್ತದೆ. ದಿನಕ್ಕೆ 50 ಪ್ಯಾಕೆಟ್ ಒಡೆಯುವ ಹೋಟೆಲಿನಲ್ಲಾದರೋ ವಾರದೊಳಗೆ ಒಂದು ಕಿಲೋ ಆಗುತ್ತದೆ. ಅಲ್ಲಿಂದ ಗುಜರಿಗೆ ಹೋಗುವುದು ಸುಲಭ.

ಇನ್ನೊಂದು ಲೆಕ್ಕ. ಒಂದು ಕೋಟಿ ಪ್ಯಾಕೆಟ್‌ಗೆ 50 ಪೈಸೆಯಂತೆ ದಿನಕ್ಕೆ 50 ಲಕ್ಷ ರೂಪಾಯಿ ಠೇವಣಿ. ಇದು ಬೆಲೆ ಏರಿಕೆಯಲ್ಲ, ವಾಪಸ್ ಸಿಗುವ ಹಣ ಎಂದು ಸರ್ಕಾರ ಹೇಳಿದ್ದು ಸರಿಯೇ. ಆದರೆ ಹತ್ತರಲ್ಲಿ ಒಂದು ಪ್ಯಾಕೆಟ್ ವಾಪಸ್ ಬರದಿದ್ದರೂ ದಿನಕ್ಕೆ 5 ಲಕ್ಷ ಯಾರೋ ಒಬ್ಬರ ಕೈಯಲ್ಲಿ ಉಳಿಯುತ್ತದೆ. ಅದು ಅಂಗಡಿಯವರದ್ದೋ, ಡೇರಿಯದ್ದೋ, ಪಂಚಾಯಿತಿಯದ್ದೋ? ಠೇವಣಿ ಪದ್ಧತಿಯ ಮಾತು ಎಲ್ಲೇ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಠೇವಣಿ ಪದ್ಧತಿ ಎಲ್ಲೂ ನಡೆಯುವುದಿಲ್ಲ ಎನ್ನುವಂತೆಯೂ ಇಲ್ಲ. ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ 2022ರ ಮೇ ತಿಂಗಳಿನಿಂದ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದರೆ ಮರಳಿಸುತ್ತಿದ್ದಾರೆ. ಕಾಡಿನಲ್ಲಿ ಒಡೆದ ಬಾಟಲಿಯ ಚೂರು ಆನೆ, ಕಾಟಿಗಳ ಕಾಲಿಗೆ ಚುಚ್ಚುತ್ತಿದ್ದುದನ್ನು ನೋಡಿ ಮದ್ರಾಸ್ ಹೈಕೋರ್ಟ್ ಕಟ್ಟುನಿಟ್ಟು ಮಾಡಿದ್ದರ ಫಲ ಅದು. ಬಹುಪಾಲು ಬಾಟಲಿಗಳು ವಾಪಸ್ ಬಂದವು. ಆದರೆ ಅಲ್ಲಿ ಮಾರುವವರು ಒಬ್ಬರೇ, ಬಾಟಲಿ ಗಟ್ಟಿ, ಠೇವಣಿ 10 ರೂಪಾಯಿ. ಹಾಲು ಮಾರುವುದು ಊರೂರಿನ ಕಿರಾಣಿ ಅಂಗಡಿ, ಪ್ಯಾಕೆಟ್ 3 ಗ್ರಾಂ, ಠೇವಣಿ 50 ಪೈಸೆ. ಒಂದೇ ಅಳತೆಗೋಲು ಎರಡಕ್ಕೂ ಹೊಂದುವುದಿಲ್ಲ.

ಸ್ಟ್ರಾ ಕಲಿಸಿದ ಪಾಠ

ಡೇರಿಗಳಿಗೆ ಸಂಬಂಧಿಸಿದ ಇನ್ನೊಂದು ಮಾತುಕತೆ ಹಾಲಿನ ಪುಟ್ಟ ಪೆಟ್ಟಿಗೆಗಳಿಗೆ ಅಂಟಿಸಿ ಕೊಡುವ ಸ್ಟ್ರಾದ್ದು. ಕೆಲವು ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ನಿಷೇಧದ ಕರಡನ್ನು ಕೇಂದ್ರ 2021ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಆಗಸ್ಟ್ 12ರಂದು ಅಂತಿಮ ಅಧಿಸೂಚನೆ ಬಂತು. 2022ರ ಜುಲೈ 1ರಿಂದ ಜಾರಿ ಎಂದು ದಿನವನ್ನೂ ಹೇಳಿತು. ಗುಜರಾತಿನ ಸಹಕಾರಿ ಸಂಸ್ಥೆ ಅಮುಲ್ 2022ರ ಮೇ ತಿಂಗಳ ಕೊನೆಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು ಸ್ಟ್ರಾ ನಿಷೇಧವನ್ನು ಒಂದು ವರ್ಷ ಮುಂದೂಡುವಂತೆ ಕೇಳಿತು. ಕಾಗದದ ಸ್ಟ್ರಾ ಬೇಕಾದಷ್ಟು ಸಿಗುತ್ತಿಲ್ಲ, ಇದರ ಪೆಟ್ಟು ಹೈನುಗಾರರಿಗೂ ಬೀಳುತ್ತದೆ ಎಂಬುದು ಅದರ ಅಳಲು. ತಂಪು ಪಾನೀಯದ ಕಂಪನಿಗಳೂ ಕಾಲಾವಕಾಶ ಕೇಳಿದವು. ಸಾಕಷ್ಟು ಸಮಯ ಕೊಟ್ಟಾಗಿದೆ ಎಂದು ಸರ್ಕಾರ ನಿಲುವು ಬದಲಿಸಲಿಲ್ಲ. ಜುಲೈ 1ಕ್ಕೆ ನಿಷೇಧ ಬಂತು, ಸ್ಟ್ರಾ ಕಾಗದಕ್ಕೆ ತಿರುಗಿತು.

ಇಲ್ಲಿ ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವ ಅಗತ್ಯವಿಲ್ಲ. ನಮಗೆ ಬೇಕಾದ ಪಾಠ ಒಂದೇ. ಕೇಂದ್ರದ ಇಂಥ ನಿಯಮಗಳು ರಾತ್ರೋರಾತ್ರಿ ಬರುವುದಿಲ್ಲ. ಮೊದಲು ಕರಡು, ಆಕ್ಷೇಪಣೆಗೆ ಸಾಮಾನ್ಯವಾಗಿ 60 ದಿನ, ಆಮೇಲೆ ಅಂತಿಮ ಆದೇಶ. 2022ರ ಇಪಿಆರ್ ನಿಯಮದ ಕರಡೂ ಅದಕ್ಕೆ ನಾಲ್ಕು ತಿಂಗಳು ಮೊದಲು, 2021ರ ಅಕ್ಟೋಬರ್ 6ರಂದು ಬಂದಿತ್ತು. ಮಾತಿಗೆ ಬೆಲೆ ಇರುವುದು ಕರಡಿನ ಕಾಲದಲ್ಲಿ. ಗದ್ದೆ ಹದ ಇದ್ದಾಗ ಬಿತ್ತಬೇಕು. ಹದ ಹೋದ ಮೇಲೆ ಎಷ್ಟು ಉತ್ತರೂ ಅಷ್ಟೇ.

ಲೆಕ್ಕ ತಾಳೆಯಾದರೂ ಚರಂಡಿ ತುಂಬಿದ್ದರೆ?

ಇಪಿಆರ್ ವ್ಯವಸ್ಥೆಯಲ್ಲಿ ಬ್ರಾಂಡಿನವರು ತಮ್ಮದೇ ಪ್ಯಾಕೆಟ್ ಹೆಕ್ಕಿ ತರಬೇಕೆಂದಿಲ್ಲ. ನೋಂದಾಯಿತ ಮರುಬಳಕೆ ಘಟಕದವರು ಇಂತಿಷ್ಟು ಟನ್ ಸಂಸ್ಕರಿಸಿದ್ದೇವೆ ಎಂದು ಪಡೆದ ಪ್ರಮಾಣಪತ್ರವನ್ನು ಹಣ ಕೊಟ್ಟು ಕೊಂಡರೆ ಹೊಣೆ ತೀರಿದಂತೆ. ಇಡೀ ದೇಶಕ್ಕೆ ಒಂದೇ ಲೆಕ್ಕ ಇಡಲು ಇದು ಅನುಕೂಲ. ಆದರೆ ದೂರದ ಯಾವುದೋ ಊರಿನಲ್ಲಿ ಪ್ಲಾಸ್ಟಿಕ್ ಕರಗಿದ ಮಾತ್ರಕ್ಕೆ ಸೊರಬದ ಸಂತೆಮಾಳದಲ್ಲಿ ಬಿದ್ದ ಪ್ಯಾಕೆಟ್ ಮಾಯವಾಗುವುದಿಲ್ಲ. ಮಳೆಗಾಲದಲ್ಲಿ ಅದು ಹಳ್ಳ ಸೇರಿ ದಂಡಾವತಿಗೂ ವರದೆಗೂ ಇಳಿಯುತ್ತದೆ. ಕಾಗದದ ಲೆಕ್ಕ ತಾಳೆಯಾಗುವುದು ಬೇರೆ, ಊರು ಚೊಕ್ಕಟವಾಗುವುದು ಬೇರೆ.

ಎರಡನ್ನೂ ಕೂಡಿಸುವ ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆದಿದೆ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 2021ರಲ್ಲಿ ಸುತ್ತಲಿನ ಹತ್ತಾರು ಗ್ರಾಮ ಪಂಚಾಯಿತಿಗಳ ಒಣಕಸವನ್ನು ಒಂದೆಡೆ ತಂದು ವಿಂಗಡಿಸುವ ಘಟಕ ಶುರುವಾಯಿತು. ದಿನಕ್ಕೆ 10 ಟನ್ ಅದರ ಸಾಮರ್ಥ್ಯ. ಒಂದು ಪಂಚಾಯಿತಿಯ ಕಸ ಲಾರಿ ತುಂಬುವುದಿಲ್ಲ, ಹತ್ತಾರು ಕೂಡಿದರೆ ತುಂಬುತ್ತದೆ. ಇದು ನಿಮಗೆ ಹೊಸ ವಿಷಯವಲ್ಲ. ಒಬ್ಬರ ಎರಡು ಲೀಟರ್ ಹಾಲಿಗೆ ಟ್ಯಾಂಕರ್ ಬರುವುದಿಲ್ಲ, ಊರಿನ ಹಾಲು ಕೂಡಿದರೆ ಬರುತ್ತದೆ ಎಂಬ ಲೆಕ್ಕದ ಮೇಲೇ ನಮ್ಮ ಸಂಘಗಳು ನಿಂತಿರುವುದು.

ಮಣ್ಣಲ್ಲಿ ಕೊಳೆಯುವ ಪ್ಯಾಕೆಟ್ ಬಂದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರೂ ಇದ್ದಾರೆ. ಬೆಂಗಳೂರು ಹಾಲು ಒಕ್ಕೂಟ 2025ರಲ್ಲಿ ಇಂಥ ಪ್ಯಾಕೆಟ್‌ನ ಪ್ರಯೋಗಕ್ಕೆ ಕೈ ಹಾಕಿದ್ದು ಸುದ್ದಿಯಾಗಿತ್ತು. ಒಳ್ಳೆಯ ಹೆಜ್ಜೆಯೇ. ಆದರೆ ಗೊಬ್ಬರವಾಗುವ ಪ್ಲಾಸ್ಟಿಕ್ ಎಂಬುದರಲ್ಲಿ ಹೆಚ್ಚಿನವು ಸರಿಯಾದ ಶಾಖ, ತೇವ ಇರುವ ಗೊಬ್ಬರ ಘಟಕದಲ್ಲಿ ಕೊಳೆಯುವಂಥವು. ಚರಂಡಿಯಲ್ಲಿ, ದನದ ಹೊಟ್ಟೆಯಲ್ಲಿ ಅಲ್ಲ. ಅವು ಮಾಮೂಲಿ ಪಾಲಿಥಿನ್ ಜೊತೆ ಬೆರೆತರೆ ಮರುಬಳಕೆಯೂ ಕೆಡುತ್ತದೆ. ಸಂಗ್ರಹ, ವಿಂಗಡಣೆ ಯಾವ ಪ್ಯಾಕೆಟ್‌ಗೂ ತಪ್ಪಿದ್ದಲ್ಲ.

ಕೊಟ್ಟಿಗೆಗೆ ಬರುವ ಅಪಾಯ

ಈ ಮಾತುಕತೆಯಲ್ಲಿ ಬಾಯಿ ಇಲ್ಲದವರು ಒಬ್ಬರಿದ್ದಾರೆ: ನಿಮ್ಮ ಹಸು. ಮದುವೆ ಮನೆಯ ಹಿಂದೆ, ಹೋಟೆಲಿನ ಪಕ್ಕ ಎಸೆದ ಪ್ಯಾಕೆಟ್‌ನಲ್ಲಿ ಹಾಲಿನ, ಅನ್ನದ ವಾಸನೆ ಇರುತ್ತದೆ. ದನ ಆರಿಸಿ ತಿನ್ನುವುದಿಲ್ಲ, ಪ್ಯಾಕೆಟ್ ಸಮೇತ ನುಂಗುತ್ತದೆ. ದೊಡ್ಡ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಉಂಡೆ ಕಟ್ಟಿ ಕೂರುತ್ತದೆ. ಮೇವು ಬಿಡುವುದು, ಮೆಲುಕು ಕಡಿಮೆಯಾಗುವುದು, ಪದೇ ಪದೇ ಹೊಟ್ಟೆ ಉಬ್ಬರಿಸುವುದು, ಹಾಲು ಇಳಿಯುವುದು ಇದರ ಲಕ್ಷಣಗಳು. ಇಂಥ ಲಕ್ಷಣ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಪಶುವೈದ್ಯರನ್ನು ಕರೆಯಿರಿ. ಹೆಚ್ಚಾದರೆ ಹೊಟ್ಟೆ ಕೊಯ್ದು ತೆಗೆಯುವುದೊಂದೇ ದಾರಿ. ದನಗಳ ಹೊಟ್ಟೆಯ ಪ್ಲಾಸ್ಟಿಕ್ ವಿಷಯ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಏರಿತ್ತು. ಅರ್ಜಿ ಹಾಕಿದ್ದು ನಮ್ಮ ಗಡಿಗೆ ಹತ್ತಿರದ ಪುಟ್ಟಪರ್ತಿಯ ಕರುಣಾ ಸೊಸೈಟಿ ಎಂಬ ಪ್ರಾಣಿದಯಾ ಸಂಸ್ಥೆ.

ಪ್ಯಾಕೆಟ್ ಒಂದೇ ಅಲ್ಲ. ಶಿಕಾರಿಪುರದಲ್ಲೇ ಮಹಾಮಂಡಳದ ಪಶು ಆಹಾರ ಘಟಕವಿದೆ. ಅಲ್ಲಿಂದ ಬರುವ ಹಿಂಡಿಯ ನೇಯ್ದ ಚೀಲವೂ ಪ್ಲಾಸ್ಟಿಕ್ಕೇ. ಅದನ್ನು ನೀವು ಅಡಿಕೆಗೆ, ಗೊಬ್ಬರಕ್ಕೆ ಮತ್ತೆ ಮತ್ತೆ ಬಳಸುತ್ತೀರಿ, ಅದು ಮೆಚ್ಚತಕ್ಕದ್ದು. ಆದರೆ ಬಾಯಿ ಹೊಲಿದ ದಾರ, ಬಿಸಿಲಿಗೆ ಪುಡಿಯಾದ ಎಳೆ ಬಾನಿಯೊಳಗೆ ಬೀಳದಂತೆ ನೋಡಿಕೊಳ್ಳಿ.

ನೀವು ಮಾಡಬಹುದಾದದ್ದು

ಮನೆಯಲ್ಲಿ, ಮದುವೆ–ಮುಂಜಿಯಲ್ಲಿ:

• ಪ್ಯಾಕೆಟ್‌ನ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ, ಅರ್ಧ ಸೀಳಿ. ಆ ಚಿಕ್ಕ ತುಂಡು ಯಾರ ಕೈಗೂ ಸಿಗದೆ ಮಣ್ಣು ಸೇರುತ್ತದೆ.

• ಖಾಲಿ ಪ್ಯಾಕೆಟ್ ತೊಳೆದು ಒಣಗಿಸಿ ಒಂದು ಚೀಲದಲ್ಲಿ ತುಂಬಿಡಿ. ತೊಳೆದ ನೀರು ಕಲಗಚ್ಚಿಗೆ ಆಗುತ್ತದೆ. ಚೀಲ ತುಂಬಿದಾಗ ಗುಜರಿಯವರಿಗೋ ಪಂಚಾಯಿತಿಯ ಒಣಕಸದ ಗಾಡಿಗೋ ಕೊಡಿ.

• ನೂರಾರು ಪ್ಯಾಕೆಟ್ ಒಡೆಯುವ ಸಮಾರಂಭದಲ್ಲಿ ಅಡುಗೆಯವರಿಗೆ ಮೊದಲೇ ಹೇಳಿ ಒಂದು ಖಾಲಿ ಹಿಂಡಿ ಚೀಲ ಇಟ್ಟುಬಿಡಿ. ಅದೊಂದರಿಂದಲೇ ಊರ ದನಗಳಿಗೆ ಎಷ್ಟೋ ಉಪಕಾರ.

• ಒಲೆ ಹೊತ್ತಿಸಲು, ಸೊಳ್ಳೆಗೆ ಹೊಗೆ ಹಾಕಲು ಪ್ಲಾಸ್ಟಿಕ್ ಸುಡಬೇಡಿ. ಆ ಹೊಗೆ ನಿಮಗೂ ಕೊಟ್ಟಿಗೆಗೂ ಕೆಟ್ಟದ್ದು.

ಸಂಘದಲ್ಲಿ:

ಸೆಪ್ಟೆಂಬರ್ ಹೊತ್ತಿಗೆ ನಡೆಯುವ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಬೋನಸ್, ಫ್ಯಾಟ್, ಹಿಂಡಿ ದರದ ಮಾತು ಮುಗಿದ ಮೇಲೆ ಐದು ನಿಮಿಷ ಈ ವಿಷಯಕ್ಕೂ ಕೊಡಿ. ಕೇಳಬೇಕಾದದ್ದು ನಾಲ್ಕೇ ಮಾತು. ಪ್ಯಾಕೆಟ್‌ನ ಹೊಣೆಗೆಂದು ವರ್ಷಕ್ಕೆ ಆಗುವ ಖರ್ಚು ಎಷ್ಟು? ಅದರಲ್ಲಿ ನಮ್ಮ ಜಿಲ್ಲೆಯ ಕಸಕ್ಕೆ ಎಷ್ಟು ಬಳಕೆಯಾಗುತ್ತದೆ? ಠೇವಣಿ ಪದ್ಧತಿ ಬಂದರೆ ವಾಪಸ್ ಬಾರದ ಪ್ಯಾಕೆಟ್‌ನ ಹಣ ಯಾರಿಗೆ? ಹೊಸ ಕರಡು ನಿಯಮ ಬಂದಾಗ ಸಂಘಗಳಿಗೆ ತಿಳಿಸುವ ಏರ್ಪಾಡು ಇದೆಯೇ? ಉತ್ತರ ಸಂಘದಲ್ಲಿ ಸಿಗದಿದ್ದರೆ ಠರಾವು ಬರೆಸಿ ಒಕ್ಕೂಟಕ್ಕೆ ಕಳಿಸಿ. ನಿರ್ದೇಶಕರನ್ನು ಆರಿಸಿ ಕಳಿಸಿದವರು ನೀವೇ.

ಶಾಸನ ಮಾಡುವವರಿಗೆ ಊರು ಚೊಕ್ಕಟವಾಗಬೇಕು. ಡೇರಿ ನಡೆಸುವವರಿಗೆ ಹಾಲು ಕೆಡದೆ, ಬೆಲೆ ಏರದೆ ಮನೆ ಮುಟ್ಟಬೇಕು. ಎರಡೂ ನ್ಯಾಯವೇ. ನಡುವೆ ಖರ್ಚು ಹಂಚಿಕೊಳ್ಳುವ ಮಾತು ಬಂದಾಗ ಹಾಲು ಕರೆದವರ ಪಾಲು ತೆಪ್ಪಗೆ ಕಡಿಮೆಯಾಗಬಾರದು, ಅವರ ಹಸು ಪ್ಲಾಸ್ಟಿಕ್ ತಿಂದು ಸಾಯಲೂಬಾರದು. ಇದನ್ನು ಮೇಜಿನ ಮೇಲಿಡಲು ನಿಮ್ಮಷ್ಟು ಹಕ್ಕು ಬೇರೆ ಯಾರಿಗೂ ಇಲ್ಲ. ಈ ಸಲದ ಸಭೆಯ ಅಜೆಂಡಾದಲ್ಲಿ ಪ್ಯಾಕೆಟ್‌ನ ವಿಷಯವನ್ನೂ ಸೇರಿಸುವಂತೆ ನಿಮ್ಮ ಸಂಘದ ಕಾರ್ಯದರ್ಶಿಗೆ ಇಂದೇ ಹೇಳಿಡಿ.